ಪಕ್ಕದ ಮನೆಯ ಹಸಿವು

ನಮ್ಮ ಊರಿನಲ್ಲಿ ಯಾರ ಹಸಿವೂ ಅವರಿಗೆ ತಿಳಿಯುವುದಿಲ್ಲ. ಅದು ಬಲಗೋಡೆ ದಾಟಿ ಪಕ್ಕದ ಮನೆಯವರ ಹೊಟ್ಟೆಗೆ ಹೋಗುತ್ತದೆ. ಊರು ಬಳೆಯ ಹಾಗೆ ದುಂಡಗಿದೆ, ಮನೆಗೆ ಮನೆ ಅಂಟಿಕೊಂಡಿದೆ, ಎರಡು ಮನೆಗೆ ಒಂದೇ ಗೋಡೆ, ನಟ್ಟನಡುವೆ ಸರಕಾರದ ಉಗ್ರಾಣ. ಹಾಗಾಗಿ ಮೊದಲ ಮನೆ ಯಾವುದು, ಕೊನೆಯ ಮನೆ ಯಾವುದು ಎಂಬ ತಕರಾರು ನಮ್ಮಲ್ಲಿಲ್ಲ. ಹೊಟ್ಟೆಯಲ್ಲಿ ಸಂಕಟ ಶುರುವಾಯಿತೆಂದರೆ ಎಡಮನೆಯವರು ಉಂಡಿಲ್ಲ ಎಂದು ಅರ್ಥ. ಆಗ ಸೌಟಿನ ಹಿಡಿಯಿಂದ ಎಡಗೋಡೆಗೆ ಮೂರು ಸಲ ತಟ್ಟಬೇಕು. ಅವರು ತಿರುಗಿ ಒಂದು ಸಲ ತಟ್ಟಿ, ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಾರೆ, ತುಸು ಹೊತ್ತಿಗೆ ನಮ್ಮ ಹೊಟ್ಟೆ ತಣ್ಣಗಾಗುತ್ತದೆ. ಅಷ್ಟರಲ್ಲಿ ಬಲಮನೆಯವರು ನಮ್ಮ ಗೋಡೆ ತಟ್ಟುತ್ತಾರೆ, ನಾವು ಕೂರುತ್ತೇವೆ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ಆರು ತಿಂಗಳು ಇಲ್ಲಿ ಬಾಡಿಗೆಗೆ ಇದ್ದರೆ ಅವರೂ ಸೌಟು ಹಿಡಿಯುತ್ತಾರೆ.

ನನ್ನ ಹೆಸರು ಫಕೀರವ್ವ. ಉಗ್ರಾಣದಲ್ಲಿ ಜೋಳದ ಚೀಲಗಳ ಬಾಯಿ ಹೊಲಿಯುವುದು ನನ್ನ ಕೆಲಸವಾಗಿತ್ತು, ದಬ್ಬಣ ಹಿಡಿದು ಹದಿನಾಲ್ಕು ವರ್ಷ. ಚೀಲ ಹೊಲಿಯುವವಳಿಗೆ ಒಂದು ಗುಣ ಅಂಟಿಕೊಳ್ಳುತ್ತದೆ. ಯಾವ ಚೀಲ ಕಂಡರೂ ಇದರ ಬಾಯನ್ನು ಯಾರಾದರೂ ಬಿಚ್ಚಿ ಮತ್ತೆ ಹೊಲಿದಿದ್ದಾರೆಯೇ ಎಂದು ಮೊದಲು ನೋಡುತ್ತಾಳೆ. ನನ್ನ ಗಂಡ ಇದನ್ನು ಸಂಶಯದ ರೋಗ ಎನ್ನುತ್ತಿದ್ದ, ನಾನು ಕಸುಬು ಎನ್ನುತ್ತಿದ್ದೆ. ಎಡಮನೆಯಲ್ಲಿ ಶಾವಂತ್ರವ್ವ, ನನ್ನ ಓರಗೆಯವಳು, ಗಂಡ ಸತ್ತವಳು, ಮಕ್ಕಳಿಲ್ಲ. ಉಗ್ರಾಣದ ನೆಲ ಗುಡಿಸಿ, ಚೆಲ್ಲಿದ ಜೋಳ ಕೇರಿ ಹಸನು ಮಾಡುವುದು ಅವಳ ಕೆಲಸ. ಬಲಮನೆಯಲ್ಲಿ ಅಂದಾನೆಪ್ಪ, ಪೇಟೆಯಲ್ಲಿ ಕಾಳುಕಡಿಯ ದಲಾಲಿ ಮಾಡುವ ಅಡತಿ ಅಂಗಡಿಯ ಗುಮಾಸ್ತ, ಮನೆ ತುಂಬ ಮಂದಿ. ನಡುವೆ ನಾನು, ನನ್ನ ಗಂಡ, ಆರು ವರ್ಷದ ಮಗಳು ಕಸ್ತೂರಿ.

ಉಗ್ರಾಣದವರು ಸುತ್ತಲಿನ ಹಳ್ಳಿಗಳಿಂದ ಒಳ್ಳೆಯ ದರಕ್ಕೆ ಜೋಳ ಕೊಂಡು, ನಮಗೆ ಅದರ ಕಾಲುಭಾಗದ ದರಕ್ಕೆ ಕೊಡುತ್ತಿದ್ದರು. ನಡುವಿನ ನಷ್ಟವನ್ನು ರಾಜಧಾನಿ ತುಂಬುತ್ತಿತ್ತು. ಒಂದು ಸೋಮವಾರ ರಾಜಧಾನಿಯಿಂದ ಬಿಳಿ ಅಂಗಿಯ ಸಾಹೇಬರೊಬ್ಬರು ಬಂದು ಉಗ್ರಾಣದ ಕಟ್ಟೆ ಹತ್ತಿ ಕಾಗದ ಓದಿದರು. ಅಗ್ಗದ ಜೋಳ ಕೊಟ್ಟು ಕೊಟ್ಟು ಬೊಕ್ಕಸ ಬರಿದಾಗಿದೆ, ಜನ ಮೈಗಳ್ಳರಾಗಿದ್ದಾರೆ, ಇನ್ನು ಮೇಲೆ ಪೇಟೆಯೇ ನಿಮ್ಮನ್ನು ಸಾಕುತ್ತದೆ ಎಂದರು. ಪೇಟೆ ಯಾವಾಗ ಯಾರನ್ನು ಸಾಕಿತ್ತು ಎಂದು ನಾನು ಪಕ್ಕದಲ್ಲಿ ನಿಂತ ಶಾವಂತ್ರವ್ವನನ್ನು ಕೇಳಿದೆ.

"ಅಂದಾನೆಪ್ಪನ ಧಣಿಯನ್ನ ಸಾಕೇತಲ್ಲ" ಎಂದಳು ಅವಳು. ನಕ್ಕೆವು. ಅವಳ ಜೊತೆ ಕೂಡಿ ನಾನು ನಕ್ಕದ್ದು ಅದೇ ಕೊನೆ.

ಉಗ್ರಾಣಕ್ಕೆ ಬೀಗ ಬಿದ್ದ ದಿನ ಎಲ್ಲರೂ ತಂತಮ್ಮ ಸಾಮಾನು ತೆಗೆದುಕೊಂಡು ಹೊರಟೆವು. ನಾನು ದಬ್ಬಣ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಶಾವಂತ್ರವ್ವ ಮಾತ್ರ ಸೆರಗಿನ ಅಡಿಯಲ್ಲಿ ಒಂದು ಗಂಟು ಇಟ್ಟುಕೊಂಡು, ನನ್ನನ್ನು ಕಂಡು ಸೆರಗು ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಹದಿನಾಲ್ಕು ವರ್ಷ ಕಂಡವಳು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಮೊದಲ ಸುಗ್ಗಿಯವರೆಗೆ ಹೇಗೋ ಕಳೆಯಿತು. ಉಗ್ರಾಣದ ಹಮಾಲರಾಗಿದ್ದ ಗಂಡಸರಲ್ಲಿ ಅರ್ಧ ಜನ ಗಾಡಿ ಹಿಂದೆ ದೂರದ ಬಂದರಿಗೆ ಮೂಟೆ ಹೊರಲು ಹೋದರು, ನನ್ನ ಗಂಡನೂ ಹೋದ. ಹಳ್ಳಿಯವರು ಜೋಳ ಬಿತ್ತುವುದನ್ನು ಬಿಟ್ಟರು. ಉಗ್ರಾಣ ಕೊಳ್ಳದ ಮೇಲೆ ಅವರಾದರೂ ಯಾಕೆ ಬಿತ್ತುತ್ತಾರೆ, ಹತ್ತಿ ಹಾಕಿದರು. ಊರ ಸುತ್ತ ಎಲ್ಲಿ ನೋಡಿದರೂ ಬೆಳ್ಳಗೆ ಹತ್ತಿ ಅರಳಿತು. ನೋಡಲು ಚೆಂದ, ಕುದಿಸಿ ತಿನ್ನಲು ಬರುವುದಿಲ್ಲ. ಅಡತಿಯವರು ಹೊಳೆಯಾಚೆಯಿಂದ ಜೋಳ ತರಿಸಿದರು, ಹೊಳೆ ತುಂಬಿದಾಗ ಗಾಡಿಗಳು ಅಲ್ಲೇ ನಿಂತವು, ದರ ಮಾತ್ರ ಈಜಿಕೊಂಡು ಬಂದು ಏರಿ ಕುಳಿತಿತು.

ಆಗ ಗೋಡೆಯಿಂದ ಹಸಿವು ಬರತೊಡಗಿತು. ಮೊದಲೂ ಬರುತ್ತಿತ್ತು, ಬಂದು ಹೋಗುತ್ತಿತ್ತು. ಈಗ ಬಂದದ್ದು ಹೋಗದೆ ಕೂತಿತು. ನಾನು ದೊಡ್ಡವಳು, ಸೊಂಟಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಸಹಿಸಬಲ್ಲೆ. ಕಸ್ತೂರಿಗೆ ಏನು ತಿಳಿಯುತ್ತದೆ? ಎರಡು ರೊಟ್ಟಿ ಉಂಡು ಎದ್ದ ಮಗು ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. "ಇದು ನಿಂದಲ್ಲ, ಶಾವಂತ್ರಿ ಚಿಗವ್ವಂದು" ಎಂದರೆ, "ಹಂಗಾದ್ರ ಆಕಿ ಹೊಟ್ಟಿ ಯಾಕ ನನಗ ಕೊಟ್ಟಾಳ?" ಎನ್ನುತ್ತಿತ್ತು. ಮತ್ತೆ ಅರ್ಧ ರೊಟ್ಟಿ ಕೊಡುತ್ತಿದ್ದೆ. ಬೇರೆಯವರ ಹಸಿವಿಗೆ ನಾವು ಉಂಡರೆ ಅದು ಇಳಿಯುವುದಿಲ್ಲ ಎಂದು ಗೊತ್ತಿದ್ದೂ ಕೊಡುತ್ತಿದ್ದೆ. ಕೊನೆಗೆ ಮಗು ವಾಂತಿ ಮಾಡಿಕೊಂಡು, ಮಾಡಿಕೊಂಡ ಮೇಲೂ ಅಳುತ್ತಿತ್ತು. ಎಲ್ಲಿಂದಲೋ ತಂದ ಹಿಟ್ಟು ಹೀಗೆ ನೆಲದ ಪಾಲಾಗುವುದನ್ನು ನೋಡಿ ನನ್ನ ಮೈ ಉರಿಯಿತು.

ಗೋಡೆ ತಟ್ಟಿದೆ. ಆ ಕಡೆಯಿಂದ ತಡಮಾಡದೆ ಒಂದು ತಟ್ಟು ಬಂತು. ಹಿಂದೆಯೇ ರೊಟ್ಟಿ ಬಡಿಯುವ ಸಪ್ಪಳ, ಟಪ ಟಪ ಟಪ ಎಂದು ಒಂದೇ ಸಮ. ಕಾದೆ. ಒಂದು ಹೊತ್ತಿಗೆ ನಾಲ್ಕು ರೊಟ್ಟಿಯಾದರೂ ಆಗಬೇಕು, ಅಷ್ಟು ಬಡಿದಳು. ಹೊಟ್ಟೆಯ ಸಂಕಟ ಒಂದು ಎಳೆಯೂ ಇಳಿಯಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಹಿಟ್ಟು ಬಡಿದರೆ ಬರುವ ಸಪ್ಪಳ ಬೇರೆ, ಬರಿಗಲ್ಲು ಬಡಿದರೆ ಬರುವುದು ಬೇರೆ ಎಂದು ನನಗೆ ಆಮೇಲೆ ಕಿವಿಗೊಟ್ಟು ಕೇಳಿದಾಗ ತಿಳಿಯಿತು. ಇವಳು ಬಡಿದ ಹಾಗೆ ಮಾಡುತ್ತಿದ್ದಾಳೆ, ಉಣ್ಣುತ್ತಿಲ್ಲ.

ಯಾಕೆ ಉಣ್ಣುತ್ತಿಲ್ಲ? ನಾನು ಕೂತು ಯೋಚಿಸಿದೆ. ಉಂಡರೂ ಬಿಟ್ಟರೂ ಅವಳ ಹೊಟ್ಟೆಗೆ ಏನೂ ಆಗುವುದಿಲ್ಲ, ಸಂಕಟವೆಲ್ಲ ನನ್ನ ಮನೆಗೆ. ಗುಡಿಸುವವಳ ಮನೆಯಲ್ಲಿ ಕಣಜವಿರುತ್ತದೆ ಎಂದು ಊರವರು ಮೊದಲಿಂದಲೂ ಆಡಿಕೊಳ್ಳುತ್ತಿದ್ದರು. ದರ ಏರುತ್ತಿದೆ, ಇನ್ನೂ ಏರುತ್ತದೆ. ಕೂಡಿಟ್ಟದ್ದನ್ನು ಮುಟ್ಟದೆ, ಏರಿದ ಮೇಲೆ ಮಾರುವ ಹಂಚಿಕೆ. ಅವಳು ಗಂಟು ಕಟ್ಟುವುದು, ನನ್ನ ಮಗಳು ಉರಿಯುವುದು. ಹೀಗೆ ಯೋಚಿಸಿದವಳು ನಾನೊಬ್ಬಳೇ ಅಲ್ಲ. ಆ ದಿನಗಳಲ್ಲಿ ಊರಿನ ಪ್ರತಿ ಮನೆಯೂ ಎಡಗೋಡೆಗೆ ಕಿವಿ ಹಚ್ಚಿ ಕೂತಿತ್ತು. ಯಾರೂ ಯಾರ ಮನೆಗೂ ಮಜ್ಜಿಗೆ ಕೇಳಲು ಹೋಗುತ್ತಿರಲಿಲ್ಲ, ಹೋದರೆ ಮೂಲೆ ನೋಡಲು ಬಂದಿದ್ದಾಳೆ ಎನ್ನುತ್ತಿದ್ದರು, ಹೋದವರು ನೋಡುತ್ತಲೂ ಇದ್ದರು.

ಅಂಥದರಲ್ಲಿ ಒಂದು ಬೆಳಗ್ಗೆ ಬಲಮನೆಯ ಅಂದಾನೆಪ್ಪ ಬಾಗಿಲಿಗೆ ಬಂದು ನಿಂತ. ಹಿರಿಯ ಮನುಷ್ಯ, ಹೆಗಲ ಮೇಲೆ ಹೊದ್ದ ವಲ್ಲಿ, ದನಿ ಮೆತ್ತಗೆ.

"ಫಕೀರವ್ವ, ತಪ್ಪು ತಿಳ್ಕೋಬ್ಯಾಡ. ನಿಮ್ಮನ್ಯಾಗ ಯಾರೋ ಹೊಟ್ಟಿತುಂಬ ಉಣವಲ್ರು. ನಮ್ಮನಿ ಮಂದಿ ರಾತ್ರಿ ಹೊಳ್ಳಾಡತಾರ. ತಟ್ಟಿ ತಟ್ಟಿ ಸೌಟಿನ ಹಿಡಿ ಮುರೀತು."

"ನಾವು ಉಣ್ಣಾಕತ್ತೇವ್ರಿ ಅಣ್ಣಾರ. ನಿಮ್ಮ ಹೊಟ್ಟ್ಯಾಗ ಬ್ಯಾರೆ ಏನರೆ ಇರಬೇಕು. ಅಡತಿ ಅಂಗಡ್ಯಾಗ ಕೂತವರಿಗೆ ಅಜೀರ್ಣ ಆಗತೈತಂತ" ಎಂದೆ.

ಅವನು ನನ್ನ ಮುಖ ನೋಡಿ ತಿರುಗಿ ಹೋದ. ಧಣಿ ಹೇಳಿಕೊಟ್ಟಿರಬೇಕು, ನಮ್ಮ ಮನೆಯಲ್ಲಿ ಎಷ್ಟು ಹಿಟ್ಟಿದೆ ಎಂದು ತಿಳಿದುಕೊಳ್ಳಲು ಬಂದಿರಬೇಕು ಎಂದುಕೊಂಡೆ. ಮಗಳಿಗೆ ಕೊಟ್ಟು ಉಳಿದರೆ ನಾನು ಉಣ್ಣುತ್ತಿದ್ದೆ, ಉಳಿಯದ ದಿನಗಳೇ ಹೆಚ್ಚು ಎಂಬುದು ನನಗೆ ಆಗ ನೆನಪಿಗೇ ಬರಲಿಲ್ಲ. ನನಗೆ ಹಸಿವಾಗಿರಲಿಲ್ಲವಲ್ಲ.

ಅದೇ ವಾರ ರಾಜಧಾನಿಯಿಂದ ಇಬ್ಬರು ಬಂದರು, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಕಾಗದ. ಉಗ್ರಾಣ ಮುಚ್ಚಿದ್ದರಿಂದ ಎಲ್ಲಿಯಾದರೂ ಹಸಿವು ಕಂಡುಬಂದಿದೆಯೇ ಎಂದು ತಿಳಿಯಲು ಬಂದವರು. ಹಸಿವಿದ್ದರೆ ಮತ್ತೆ ಬೀಗ ತೆಗೆಯುತ್ತಾರಂತೆ ಎಂದು ಸುದ್ದಿ ಹಬ್ಬಿತು. ನಮ್ಮ ಬಾಗಿಲಿಂದಲೇ ಶುರು ಮಾಡಿದರು.

"ನಿಮಗೆ ಹಸಿವಿದೆಯೇನಮ್ಮ?"

"ಐತ್ರಿ. ಖರೆ ನಮ್ಮದಲ್ಲ, ಎಡಮನಿ ಶಾವಂತ್ರವ್ವಂದು."

ಅವರು ಬರೆದುಕೊಂಡು ಅವಳ ಬಾಗಿಲಿಗೆ ಹೋದರು. "ಐತ್ರಿ ಸಾಹೇಬ್ರ, ನಂದಲ್ಲ, ಆ ಕಡೆ ಕಮ್ಮಾರ ಮನೀದು" ಎಂದಳು ಅವಳು. ಕಮ್ಮಾರ ತನ್ನ ಎಡಮನೆ ತೋರಿಸಿದ. ಹಾಗೆ ಒಂದೊಂದೇ ಬಾಗಿಲು ದಾಟಿ, ಊರೆಲ್ಲ ಸುತ್ತಿ, ಸಂಜೆಗೆ ಅಂದಾನೆಪ್ಪನ ಮನೆಗೆ ಬಂದರು. ಅವನು ನನ್ನ ಮನೆ ತೋರಿಸಿದ. ಬೆವರು ಒರೆಸಿಕೊಳ್ಳುತ್ತ ಅವರು ಮತ್ತೆ ನನ್ನೆದುರು ನಿಂತು, "ಇದು ನಿಮ್ಮದಂತಲ್ಲ?" ಎಂದರು. "ಆಣಿ ಮಾಡಿ ಹೇಳತೀನ್ರಿ, ನಮ್ಮದಲ್ಲ" ಎಂದೆ. ಈ ಊರಿನಲ್ಲಿ ಸ್ವಂತ ಹಸಿವುಳ್ಳ ಮನೆ ಒಂದೂ ಇಲ್ಲ ಎಂದು ಬರೆದುಕೊಂಡು ಅವರು ಗಾಡಿ ಹತ್ತಿದರು. ನಾವು ಯಾರೂ ಸುಳ್ಳು ಹೇಳಿರಲಿಲ್ಲ. ಅವರೂ ಕೇಳಿದ್ದನ್ನೇ ಬರೆದಿದ್ದರು. ಉಗ್ರಾಣದ ಬೀಗ ಹಾಗೆಯೇ ತುಕ್ಕು ಹಿಡಿಯಿತು.

ಮನೆಗಳ ನಡುವೆ ಮೊದಲು ಸಂದಿ ತೋಡಿಸಿದವನು ಅಂದಾನೆಪ್ಪ. ಗೌಂಡಿಯನ್ನು ಕರೆಸಿ, ನಮ್ಮಿಬ್ಬರ ನಡುವಿನ ಗೋಡೆಯಿಂದ ತನ್ನ ತೊಲೆಗಳನ್ನು ಬಿಡಿಸಿಕೊಂಡು, ಒಂದು ಗೇಣು ಆಚೆಗೆ ತನ್ನದೇ ಬೇರೆ ಗೋಡೆ ಎಬ್ಬಿಸಿದ. ನಡುವೆ ಒಂದು ಗೇಣು ಗಾಳಿ. ಹಸಿವು ಗೋಡೆ ದಾಟುತ್ತದೆ, ಗಾಳಿ ದಾಟುವುದಿಲ್ಲ. ಅವನ ಮನೆಯವರು ಅಂದಿನಿಂದ ಗೊರಕೆ ಹೊಡೆದು ಮಲಗಿದರು. ಇದನ್ನು ಕಂಡು ಊರಿನವರೆಲ್ಲ ಗೌಂಡಿಯ ಬೆನ್ನು ಹತ್ತಿದರು. ಊರಲ್ಲಿ ಆಗ ಮೂರು ಹೊತ್ತು ಉಂಡವನೆಂದರೆ ಆ ಗೌಂಡಿಯೊಬ್ಬನೇ.

ನಾನು ಅಷ್ಟು ಅವಸರದವಳಲ್ಲ. ಕಣ್ಣಾರೆ ನೋಡಿ ಆಮೇಲೆ ಮಾಡೋಣ ಎಂದು, ಒಂದು ಮಧ್ಯಾಹ್ನ ರೊಟ್ಟಿ ಬಡಿಯುವ ಸಪ್ಪಳ ಶುರುವಾದ ಕೂಡಲೇ ಎದ್ದು ಹೋಗಿ ಶಾವಂತ್ರವ್ವನ ಬಾಗಿಲು ದೂಡಿದೆ. ಅವಳು ಒಲೆಯ ಮುಂದೆ ಕೂತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಕಲ್ಲಿನ ಮೇಲೆ ಹಿಟ್ಟು ಇರಲಿಲ್ಲ. ಬರಿ ಅಂಗೈಯಿಂದ ಬರಿಗಲ್ಲು ಬಡಿಯುತ್ತಿದ್ದಳು, ನನ್ನನ್ನು ಕಂಡ ಮೇಲೂ ಎರಡು ಸಲ ಬಡಿದಳು, ಕೈ ರೂಢಿಗೆ ಬಿದ್ದಿತ್ತು.

"ಯಾರನ್ನ ನಂಬಸಾಕ ಈ ನಾಟಕ?" ಎಂದೆ.

"ನಿನ್ನನ್ನ" ಎಂದಳು. "ನನ್ನ ಮನ್ಯಾಗ ಏನೂ ಇಲ್ಲ ಅಂತ ನಿನಗ ಹೆಂಗ ಹೇಳಲಿ? ನಾಚಿಕಿ ಬಂತು."

ಗಡಿಗೆಗಳ ಮುಚ್ಚಳ ತೆಗೆದೆ, ಒಂದರ ಮೇಲೊಂದಿದ್ದ ಏಳನ್ನೂ ಇಳಿಸಿ ನೋಡಿದೆ. ಖಾಲಿ. ಗೋಡೆಯ ಮಾಡದಲ್ಲಿ ಕೈಯಾಡಿಸಿದೆ. ಮೂಲೆಯಲ್ಲಿ ಆ ಗಂಟು ಇತ್ತು, ಬೀಗ ಬಿದ್ದ ದಿನ ಅವಳು ಸೆರಗಿನಡಿ ಅಡಗಿಸಿದ್ದು. ಬಿಚ್ಚಿದೆ. ಒಳಗೆ ಅವಳ ಕಸಬರಿಗೆ, ಒಂದು ಸಣ್ಣ ಮೊರ, ಜರಡಿ. "ಸರಕಾರದ್ದು. ಕೊಟ್ಟ ಹೋಗ ಅಂತಿದ್ರು ಅಂತ ಮುಚ್ಚಿ ತಂದೆ" ಎಂದಳು. ಅವಳು ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು, ತಡೆಯಲಿಲ್ಲ.

ಇಷ್ಟು ಕಂಡ ಮೇಲೆ ಒಳ್ಳೆಯವಳಾದವಳು ಏನು ಮಾಡಬೇಕಿತ್ತು ಎಂದು ನನಗೂ ಗೊತ್ತಿದೆ. ನಾನು ಮನೆಗೆ ಬಂದು, ಇವಳು ಬೇರೆ ಎಲ್ಲಿಯೋ ಇಟ್ಟಿದ್ದಾಳೆ ಎಂದುಕೊಂಡೆ. ಇಲ್ಲದಿದ್ದರೆ ನನಗೆ ಅಷ್ಟು ಸುಲಭಕ್ಕೆ ಗಡಿಗೆ ಮುಟ್ಟಲು ಬಿಡುತ್ತಿದ್ದಳೇ? ದಿನಾ ಬೆಳಕು ಹರಿಯುವ ಮೊದಲೇ ಅದೇ ಗಂಟು ಹಿಡಿದು ಎಲ್ಲಿಗೆ ಹೋಗುತ್ತಾಳೆ? ಅಷ್ಟು ಖಾಲಿಯಾದ ಮನೆ ನಾನು ಕಂಡಿರಲಿಲ್ಲ, ಅಷ್ಟು ಖಾಲಿಯಾಗಿದ್ದದ್ದೇ ನನಗೆ ಸಂಶಯ ತಂದಿತು. ಮರುದಿನ ತಾಮ್ರದ ಹಂಡೆ ಕೊಟ್ಟು ಗೌಂಡಿಯನ್ನು ಕರೆದೆ. ಮೂರು ದಿನದಲ್ಲಿ ನನ್ನ ಮತ್ತು ಶಾವಂತ್ರವ್ವನ ಮನೆಯ ನಡುವೆಯೂ ಒಂದು ಗೇಣು ಸಂದಿಯಾಯಿತು.

ಆ ದಿನ ಕಸ್ತೂರಿ ಅಳಲಿಲ್ಲ. ಮಧ್ಯಾಹ್ನ ಉಂಡು ಆಡಲು ಹೋದಳು, ಸಂಜೆ ಬಂದು ಮಲಗಿದಳು. ಮಗುವಿನ ಹಣೆ ನೇವರಿಸುತ್ತ ನಾನು ಕಣ್ಣೀರು ಹಾಕಿದೆ, ಸಂತೋಷಕ್ಕೆ. ಮೊದಲು ಯಾಕೆ ತೋಡಿಸಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ದಿನ ಕಳೆದಂತೆ ಇನ್ನೊಂದು ಲಾಭವೂ ಕಂಡಿತು. ಮಗು ರೊಟ್ಟಿ ಕೇಳುವುದನ್ನು ಬಿಟ್ಟಿತು. ಎರಡು ಕೇಳುತ್ತಿದ್ದವಳಿಗೆ ಒಂದು ಕೊಟ್ಟರೆ ಸುಮ್ಮನೆ ತಿಂದು ಏಳುತ್ತಿದ್ದಳು. ಹಿಟ್ಟು ತೀರಾ ತಳ ಹಿಡಿದ ವಾರ ಅರ್ಧ ಕೊಟ್ಟೆ, ಅದಕ್ಕೂ ತಕರಾರಿಲ್ಲ. ಒಂದು ದಿನ ಕೊಡುವುದನ್ನೇ ಮರೆತೆ, ಅವಳೂ ಮರೆತಿದ್ದಳು. ನೋಡು, ಇಷ್ಟು ದಿನ ಈ ಮಗು ತಿಂದದ್ದೆಲ್ಲ ಶಾವಂತ್ರಿಯ ಪಾಲು ಎಂದು ನಾನು ಲೆಕ್ಕ ಹಾಕಿದೆ. ಗೋಡೆ ತಟ್ಟುವವರು ಯಾರೂ ಇರಲಿಲ್ಲ. ಊರೆಲ್ಲ ಸದ್ದಿಲ್ಲದೆ ಇತ್ತು, ಎಲ್ಲರ ಮನೆಗೂ ಸಂದಿಯಾಗಿತ್ತು, ಯಾರಿಗೂ ಹಸಿವಿರಲಿಲ್ಲ.

ಉಗ್ರಾಣದ ಕಟ್ಟೆಯ ಮೇಲೆ ಮಕ್ಕಳು ಕುಂಟಾಟ ಆಡುತ್ತಿದ್ದವು. ಕಸ್ತೂರಿ ಒಂದು ಕಾಲಲ್ಲಿ ನೆಲಕ್ಕೆ ಗೀಚಿದ ನಾಲ್ಕು ಮನೆ ದಾಟಿ, ಐದನೆಯದರಲ್ಲಿ ಕೂತಳಂತೆ. ಕೂತವಳು ಏಳಲಿಲ್ಲ. ಓಡಿ ಹೋಗಿ ಎತ್ತಿಕೊಂಡೆ. ಎತ್ತಿದಾಗ ನನ್ನ ತೋಳಿಗೆ ಭಾರವೇ ಆಗಲಿಲ್ಲ. ಚೀಲದ ತೂಕ ಎತ್ತಿದ ಕೂಡಲೇ ಹೇಳುತ್ತಿದ್ದ ಕೈ ಇದು, ಮನೆಯ ಮಗು ಇಷ್ಟು ಹಗುರವಾದದ್ದು ಅದಕ್ಕೆ ತಿಳಿದಿರಲಿಲ್ಲ.

ದವಾಖಾನೆಯ ನರ್ಸಬಾಯಿ ಬೇರೆ ಊರಿನವರು, ವಯಸ್ಸಾದವರು, ಯಾರ ಗೋಡೆಗೂ ಅಂಟದ ಒಂಟಿ ಕಟ್ಟಡದಲ್ಲಿ ಇರುವವರು. ಮಗುವಿನ ಕಣ್ಣಿನ ರೆಪ್ಪೆ ಎಳೆದು ನೋಡಿ, ಸಕ್ಕರೆ ನೀರು ಹನಿ ಹನಿ ಕುಡಿಸಿದರು. "ಎಷ್ಟು ದಿನ ಆಯ್ತು ಇವಳು ಹೊಟ್ಟೆತುಂಬ ಉಂಡು?" ಎಂದು ಕೇಳಿದರು.

"ಆಕಿ ಬೇಡಲಿಲ್ರಿ ಬಾಯಾರ. ಅಳಲೂ ಇಲ್ಲ."

"ನಿಮ್ಮ ಮಕ್ಕಳು ಎಂದಾದರೂ ತಮ್ಮ ಹಸಿವಿಗೆ ಅತ್ತದ್ದುಂಟೇನಮ್ಮ? ಇವಳು ಉಂಡಿಲ್ಲ ಅಂತ ಮೊದಲು ನಿನಗೆ ಯಾರು ಹೇಳುತ್ತಿದ್ದರು?"

ಅಂದಾನೆಪ್ಪನ ಮನೆಯವರು ತಟ್ಟುತ್ತಿದ್ದರು. ಕಸ್ತೂರಿ ಹುಟ್ಟಿದಂದಿನಿಂದ, ಹಾಲು ಕುಡಿಸುವ ಹೊತ್ತನ್ನೂ ಅವರೇ ತಟ್ಟಿ ಹೇಳಿದ್ದರು. ಮಗಳು ಅಳುತ್ತಿದ್ದದ್ದು ಶಾವಂತ್ರವ್ವನ ಹಸಿವಿಗೆ, ಆ ಅಳುವಿಗೆ ಕೊಟ್ಟ ರೊಟ್ಟಿಯಲ್ಲಿ ಅವಳ ಸ್ವಂತ ಹೊಟ್ಟೆಯೂ ತುಂಬುತ್ತಿತ್ತು. ಆ ಅಳುವನ್ನು ನಾನೇ ಹಂಡೆ ಕೊಟ್ಟು ನಿಲ್ಲಿಸಿದ್ದೆ. "ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿ ಇರುವುದಿಲ್ಲ" ಎಂದರು ನರ್ಸಬಾಯಿ. ಅವರ ಹತ್ತಿರವೂ ನಮಗೆ ಕೊಡಲು ಎರಡು ದಿನದ ಗಂಜಿಯಷ್ಟೇ ಇತ್ತು.

ಅಂದೇ ಅಂದಾನೆಪ್ಪನ ಬಾಗಿಲಿಗೆ ಹೋದೆ. ಸಂದಿ ಮುಚ್ಚಿಸಿರಿ ಅಣ್ಣಾರ, ನನ್ನ ಮಗಳ ಹಸಿವು ಯಾರಿಗಾದರೂ ತಿಳಿಯಬೇಕು ಎಂದು ಕೈ ಮುಗಿದೆ. ಅವನು ವಲ್ಲಿ ಸರಿಮಾಡಿಕೊಂಡ.

"ನಾ ಬಂದು ಹೇಳಿದಾಗ ಅಜೀರ್ಣ ಅಂದಿ. ಈಗ ನಮ್ಮನ್ಯಾಗೂ ಒಂದ ಹೊತ್ತಿನ ಊಟ, ಫಕೀರವ್ವ. ಇದರ ಮ್ಯಾಲೆ ನಿಂದೂ ಹೊರಲಿ ಅಂದ್ರ ಹೆಂಗ?"

ಅಡತಿ ಗುಮಾಸ್ತನ ಮನೆಯಲ್ಲಿ ಒಂದೇ ಹೊತ್ತು ಊಟ ಎಂಬುದನ್ನು ನಾನು ನಂಬಲಿಲ್ಲ. ಆದರೆ ಬೈಯುವ ತ್ರಾಣ ಇರಲಿಲ್ಲ, ಅವನು ಹೇಳಿದ್ದರಲ್ಲಿ ಅಜೀರ್ಣದ ಮಾತಂತೂ ನಿಜವಿತ್ತು.

ಮನೆಗೆ ಬಂದು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಹೊಟ್ಟೆಯ ಮೇಲೆ ಕೈಯಿಟ್ಟೆ, ಕಿವಿಯಿಟ್ಟೆ. ಏನೂ ತಿಳಿಯಲಿಲ್ಲ. ಹೆತ್ತ ಮಗಳು ನನ್ನ ಮನೆಯೊಳಗೆ ಇರುವವರೆಗೂ ಅವಳ ಹಸಿವು ನನಗೆ ತಿಳಿಯುವಂತಿಲ್ಲ. ಬಲಮನೆಯವನು ಒಲ್ಲೆ ಎಂದಿದ್ದ. ನನಗೆ ತಿಳಿಯುವುದು ಎಡಮನೆಯವರ ಹಸಿವು ಮಾತ್ರ. ಇದು ಹೊಳೆದಾಗ ನನಗೆ ಬಹಳ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆಮೇಲೆ ಎದ್ದು ಶಾವಂತ್ರವ್ವನ ಮನೆಗೆ ಹೋದೆ.

ಅವಳು ಹೊಸ್ತಿಲಲ್ಲಿ ಕೂತು ಮೊರದಲ್ಲಿ ಏನನ್ನೋ ಆರಿಸುತ್ತಿದ್ದಳು. ಇನ್ನಷ್ಟು ಸೊರಗಿದ್ದಳು, ಮೈಮೇಲೆಲ್ಲ ಕೆಂಧೂಳಿ. ಮೊರದಲ್ಲಿ ಬೊಗಸೆಯಷ್ಟು ಜೋಳ, ಅದರ ಎರಡರಷ್ಟು ಮಣ್ಣು, ಹರಳು. ನಾನು ನೋಡಿದ್ದನ್ನು ನೋಡಿ ಹೇಳಿದಳು:

"ಹೊಳಿ ದಾರಿದು. ಅಡತಿ ಗಾಡಿ ಜಿಗಿದಲ್ಲಿ ನಾಕ ಕಾಳ ಉದರ್ತಾವ. ನಸುಕಿನ್ಯಾಗ ಹೋಗಿ ಗುಡಸ್ತೀನಿ. ಮತ್ತ ಗಡಿಗಿ ನೋಡಾಕ ಬಂದ್ಯೇನು?"

"ಇಲ್ಲ. ಕಸ್ತೂರಿನ್ನ ನಿನ್ನ ಮನ್ಯಾಗ ಇಟ್ಕೋ ಅಂತ ಕೇಳಾಕ ಬಂದೀನಿ."

ಅವಳ ಕೈ ಮೊರದಲ್ಲೇ ನಿಂತಿತು. "ಯಾಕ? ಏನ್ ಹಂಚಿಕಿ ಇದು?"

"ಸಂದಿ ನಾನಽ ತುಂಬಸ್ತೀನಿ. ಆಕಿ ನಿನ್ನ ಕಡೆ ಇದ್ರ ಆಕಿ ಹಸಿವು ನನಗ ಬರತೈತಿ. ಇಲ್ಲಾಂದ್ರ ಯಾರಿಗೂ ಗೊತ್ತಾಗದಂಗ ಸತ್ತ ಹೋಗತಾಳ, ಶಾವಂತ್ರಿ."

"ನಂದೂ ಬರತೈತಿ."

"ಬರಲಿ."

"ಎರಡೂ ಕೂಡಿ ಬಂದ್ರ ಯಾವುದು ನಿನ್ನ ಮಗಳದು, ಯಾವುದು ನಂದು ಅಂತ ಹೆಂಗ ಆರಿಸ್ತಿ? ಆಗ ಮತ್ತ ಗೌಂಡಿನ್ನ ಕರಿತಿ."

"ಆರಸಾಕ ಬರೂದಿಲ್ಲ. ಅದಕ್ಕ ಇಬ್ಬರಿಗೂ ಕಳಸ್ತೀನಿ. ನನ್ನ ಹತ್ರ ಇರೂದು, ನಿನ್ನ ಮೊರದಾಗಿಂದು, ಎಲ್ಲಾ ಕೂಡಿಸಿ ನಾನಽ ಬಡದು ಕಳಸ್ತೀನಿ. ನಾಳಿಯಿಂದ ನಾನೂ ಕಸಬರಿಗಿ ಹಿಡದು ಬರತೀನಿ."

ಅವಳು ಮೊರದಿಂದ ಒಂದು ಹರಳು ಆರಿಸಿ ಎಸೆದಳು. ನನ್ನನ್ನು ನಂಬುವ ಕಾರಣ ಅವಳಿಗೆ ಒಂದೂ ಇರಲಿಲ್ಲ. "ಮಗಳನ್ನ ಇಟ್ಟು ಆಮ್ಯಾಲೆ ನಾ ಆಕಿ ರೊಟ್ಟಿ ತಿಂದೆ ಅಂತ ಊರ ತುಂಬ ಹೇಳತಿ" ಎಂದಳು. ಹೇಳುವವಳೇ ನಾನು, ಆದ್ದರಿಂದ ತಲೆ ತಗ್ಗಿಸಿದೆ. ಕೊನೆಗೆ ಮೊರ ಪಕ್ಕಕ್ಕಿಟ್ಟು, "ಚಾಪಿ ಒಂದ ಐತಿ. ಆಕಿಗೊಂದು ಕೌದಿ ಕೊಟ್ಟ ಕಳಸು" ಎಂದಳು.

ಗೌಂಡಿಗೆ ಕೊಡಲು ನನ್ನ ಹತ್ತಿರ ಇನ್ನೊಂದು ಹಂಡೆ ಇರಲಿಲ್ಲ. ಕಲ್ಲು, ಕೆಸರು, ಹಳೆಯ ಇಟ್ಟಿಗೆ ಹೊತ್ತು ತಂದು ನಾನೇ ಆ ಸಂದಿ ತುಂಬಿದೆ, ಕೈ ಹೋಗದ ಕಡೆ ಕೋಲಿನಿಂದ ಜಡಿದೆ. ಎರಡು ದಿನ ಹಿಡಿಯಿತು. ಕಸ್ತೂರಿ ಕೌದಿ ಹೆಗಲಿಗೆ ಹಾಕಿಕೊಂಡು ಹೊರಟಾಗ, "ಯವ್ವಾ, ನಾ ಏನ್ ಮಾಡೀನಿ ಅಂತ ಕಳಸಾಕತ್ತಿ?" ಎಂದು ಕೇಳಿದಳು. "ಏನೂ ಇಲ್ಲ, ನಿನ್ನ ಹೊಟ್ಟಿ ನನಗ ಕೇಳಸಲಿ ಅಂತ" ಎಂದೆ. ಅವಳಿಗೆ ಅದು ತಿಳಿಯಲಿಲ್ಲ. ಹನ್ನೆರಡು ಹೆಜ್ಜೆಯ ದಾರಿ, ಅವಳನ್ನು ಕಳಿಸಿ ಒಳಗೆ ಬಂದು ಬಾಗಿಲಿಕ್ಕಿಕೊಂಡು ಅತ್ತೆ.

ಕೆಸರು ಒಣಗುವವರೆಗೆ ಏನೂ ಬರಲಿಲ್ಲ. ಮೂರು ದಿನ ಅಂದಾಜಿನಲ್ಲೇ ರೊಟ್ಟಿ ಕಳಿಸಿದೆ. ನಾಲ್ಕನೆಯ ದಿನ ಮುಂಜಾನೆ ಅದು ಬಂತು. ಎದೆಯ ಕೆಳಗೆ ಹಿಂಡಿದಂತಾಗಿ ನಾನು ನೆಲಕ್ಕೆ ಕೂತೆ. ಯಾವ ಎಳೆ ಯಾರದು ಎಂದು ಬಿಡಿಸಿ ನೋಡಲು ಹೋದೆ, ಆಗಲಿಲ್ಲ, ಶಾವಂತ್ರವ್ವ ಹೇಳಿದಂತೆಯೇ ಎರಡೂ ಹೆಣೆದುಕೊಂಡಿದ್ದವು. ಇದ್ದ ಹಿಟ್ಟಿನಲ್ಲಿ ನಾಲ್ಕು ರೊಟ್ಟಿಯಾದವು, ನಾಲ್ಕನ್ನೂ ಕಳಿಸಿದೆ. ಕಳಿಸಿದ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕಾದೆ. ಅವಳೊಬ್ಬಳೇ ತಿಂದರೆ ಅರ್ಧ ಇಳಿಯುತ್ತದೆ, ಮಗಳಿಗೂ ಕೊಟ್ಟರೆ ಪೂರ್ತಿ ಇಳಿಯುತ್ತದೆ, ನೋಡೇಬಿಡುತ್ತೇನೆ ಎಂದುಕೊಂಡೆ. ಅದು ಮೆಲ್ಲಗೆ ಇಳಿಯಿತು, ಇಳಿದು ಇಳಿದು ಪೂರ್ತಿ ಇಲ್ಲವಾಯಿತು. ನನ್ನ ಮಗಳು ಉಂಡಿದ್ದಳು. ಹೆತ್ತು ಆರು ವರ್ಷಕ್ಕೆ ಮೊದಲ ಸಲ ಅದು ನನ್ನ ಹೊಟ್ಟೆಗೆ ತಿಳಿದಿತ್ತು.

ಹಾಗೇ ಒಂದು ವಾರ ನಡೆಯಿತು. ನಸುಕಿನಲ್ಲಿ ಇಬ್ಬರೂ ದಾರಿ ಗುಡಿಸುತ್ತಿದ್ದೆವು, ಮಾತು ಕಡಿಮೆ. ಒಂದು ಮಧ್ಯಾಹ್ನ ಶಾವಂತ್ರವ್ವ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಮಡಿಸಿದ ಅರ್ಧ ರೊಟ್ಟಿ.

"ತಗೋ, ತಿನ್ನು."

"ನನಗ ಹಸಿವಿಲ್ಲ."

"ನಿನಗ ಎಂದ ಇತ್ತು? ನಿನ್ನದು ಅಂದಾನೆಪ್ಪನ ಸಂದ್ಯಾಗ ಬಿದ್ದ ಹೋಗಾಕತ್ತೈತಿ, ಅಲ್ಲಿ ಕೇಳಾವರ ಯಾರು? ನಾಕಽ ಬಡದು ನಾಕೂ ಕಳಸ್ತಿ, ಗೊತ್ತಿಲ್ಲೇನ ನನಗ?"

"ಹೆಂಗ ಗೊತ್ತಾತು? ಯಾವಾಗ ಬಂದು ನನ್ನ ಗಡಿಗಿ ನೋಡಿದಿ?" ಮಾತು ಬಾಯಿಂದ ಜಾರಿಯೇಬಿಟ್ಟಿತು.

ಅವಳು ಸಿಟ್ಟಾಗಲಿಲ್ಲ. "ನೀ ನನ್ನ ಮನಿಗೆ ಬಂದಾಗ ಗಡಿಗಿ ನೋಡಿದಿ, ಫಕೀರವ್ವ" ಎಂದಳು. "ನಾ ನಿನ್ನ ಮಾರಿ ನೋಡಿದೆ."

ರೊಟ್ಟಿ ತೆಗೆದುಕೊಂಡೆ. ಹಲ್ಲಿಗೆ ಹರಳು ಸಿಕ್ಕಿತು, ಅದನ್ನೂ ನುಂಗಿದೆ. ಇದು ತನ್ನ ಪಾಲಿನದೋ, ನನ್ನ ಮಗಳ ಪಾಲಿನದೋ ಎಂದು ಕೇಳಬೇಕೆಂಬುದು ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಪೂರ್ತಿ ತಿಂದು ಮುಗಿಸುವವರೆಗೆ ಅವಳು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.